ಕ್ರಿಯೇಟಿನ್ ಶುರು ಮಾಡೋ ಮುಂಚೆ: ಸಂಶೋಧನೆ ಹೇಳುವುದೇನು, ನೀವು ಮಾಡಬೇಕಾದ್ದೇನು

ಸಪ್ಲಿಮೆಂಟ್ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಬಣ್ಣದ ಲೇಬಲ್ಲೇ ಬಂಡವಾಳ. ಕ್ರಿಯೇಟಿನ್ ಹಾಗಲ್ಲ. 1992ರಿಂದೀಚೆಗೆ ಇದರ ಮೇಲೆ ನೂರಾರು ಪ್ರಯೋಗಗಳು ಆಗಿವೆ. ಜೋರು ವ್ಯಾಯಾಮದಲ್ಲಿ ಸ್ವಲ್ಪ ಹೆಚ್ಚು ಬಲ ಕೊಡುವ ಒಂದು ಕೆಲಸ ಮಾಡುತ್ತದೆ ಅಂತ ಗಟ್ಟಿಯಾಗಿ ಗೊತ್ತಾಗಿದೆ. ಆದರೆ ಆ ಕೆಲಸ ಚಿಕ್ಕದು. "ಇದನ್ನು ತಗೊಂಡ್ರೆ ಕಿಡ್ನಿ ಹೋಗುತ್ತೆ" ಅನ್ನುವ ಮನೆಯವರೂ, "ಒಂದೇ ತಿಂಗಳಲ್ಲಿ ಮೈ ಬರುತ್ತೆ" ಅನ್ನುವ ಜಿಮ್ ಟ್ರೇನರೂ ಇಬ್ಬರೂ ಜಾಸ್ತಿ ಹೇಳುತ್ತಿದ್ದಾರೆ. ಆ ಚಿಕ್ಕ ಲಾಭ ನಿಮಗೆ ಬೇಕಾ, ಬೇಕಿದ್ದರೆ ದುಡ್ಡೂ ಆರೋಗ್ಯವೂ ಹಾಳಾಗದಂತೆ ಹೇಗೆ ಪಡೆಯುವುದು ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲು ಇದು ಏನು ಅಂತ ನೋಡಿಬಿಡೋಣ. ಕ್ರಿಯೇಟಿನ್ ಸ್ಟೀರಾಯ್ಡ್ ಅಲ್ಲ, ಹಾರ್ಮೋನೂ ಅಲ್ಲ. ನಮ್ಮ ಮೈಯೇ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸಿಕೊಳ್ಳುತ್ತದೆ. ಅರ್ಧ ಕೆಲಸ ಕಿಡ್ನಿಯಲ್ಲಿ, ಉಳಿದರ್ಧ ಲಿವರ್‌ನಲ್ಲಿ. 70 ಕೆ.ಜಿ. ತೂಕದವರ ಮೈಯಲ್ಲಿ ಸುಮಾರು 120 ಗ್ರಾಂ ಇರುತ್ತದೆ. ಅದರಲ್ಲಿ 95% ಇರುವುದು ಸ್ನಾಯುಗಳಲ್ಲೇ. ಸ್ನಾಯುವಿನೊಳಗೆ ಅದರ ಬಹುಪಾಲು ಫಾಸ್ಫೇಟ್ ಹೊತ್ತುಕೊಂಡು ಫಾಸ್ಫೋಕ್ರಿಯೇಟಿನ್ ಆಗಿ ಕೂತಿರುತ್ತದೆ. ಈ ಫಾಸ್ಫೋಕ್ರಿಯೇಟಿನ್ ಏನು ಅಂತ 1927ರಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದವರು, ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಮಾಡಿದ ಕೆಲಸ ಅದು. ಜಿಮ್‌ಗಳಲ್ಲಿ ಅವರ ಹೆಸರು ಕೇಳಿದವರು ಎಷ್ಟು ಜನವೋ!

ಅದರ ಕೆಲಸ ಹೀಗೆ. ಸ್ನಾಯು ಬಿಗಿಯಾಗಬೇಕಾದರೆ ಎಟಿಪಿ, ಅಂದರೆ ಜೀವಕೋಶ ನೇರವಾಗಿ ಬಳಸುವ ಇಂಧನ, ಖರ್ಚಾಗಬೇಕು. ಪೂರ್ತಿ ಬಲ ಹಾಕಿ ಓಡಿದರೆ ಸ್ನಾಯುವಿನಲ್ಲಿರುವ ಎಟಿಪಿ ಎರಡು ಮೂರು ಸೆಕೆಂಡಿಗೂ ಸಾಲುವುದಿಲ್ಲ. ಆಗ ಫಾಸ್ಫೋಕ್ರಿಯೇಟಿನ್ ತನ್ನಲ್ಲಿರುವ ಫಾಸ್ಫೇಟನ್ನು ಕೈಗಡ ಕೊಡುತ್ತದೆ. ಎಟಿಪಿ ಮತ್ತೆ ತಯಾರಾಗುತ್ತದೆ. ಈ ಕೈಗಡ ಸುಮಾರು 10 ಸೆಕೆಂಡ್ ನಡೆಯುತ್ತದೆ. ನೀವು ಕೂತು ಸುಧಾರಿಸಿಕೊಳ್ಳುವಾಗ ಸಾಲ ವಾಪಸ್. ಸುಮಾರು ಅರ್ಧ ನಿಮಿಷದಲ್ಲಿ ಅರ್ಧ, ಮೂರರಿಂದ ಐದು ನಿಮಿಷದಲ್ಲಿ ಹೆಚ್ಚುಕಡಿಮೆ ಪೂರ್ತಿ. ಹೊರಗಿನಿಂದ ಕ್ರಿಯೇಟಿನ್ ತಗೊಂಡರೆ ಆಗುವುದು ಇಷ್ಟೇ: ಸ್ನಾಯುವಿನ ದಾಸ್ತಾನು ಸುಮಾರು 20% ಏರುತ್ತದೆ.

ಹಂತ 1: ನಿಮಗೆ ಇದು ಬೇಕಾ?

ನಿಮ್ಮ ಆಟದಲ್ಲಿ ಪೂರ್ತಿ ಬಲ ಹಾಕುವ ಹೊತ್ತು ಎಷ್ಟು, ಅದು ಎಷ್ಟು ಸಲ ಬರುತ್ತದೆ ಅಂತ ಯೋಚಿಸಿ. 30 ಸೆಕೆಂಡಿನ ಕಬಡ್ಡಿ ರೈಡ್, ಗರಡಿಮನೆಯ ಪಟ್ಟು, 100 ಮೀಟರ್ ಓಟ, ಕಂಬಳದ ಕೆಸರುಗದ್ದೆಯಲ್ಲಿ ಕೋಣಗಳ ಹಿಂದೆ ಓಡುವ ಆ ಹತ್ತು ಹದಿನೈದು ಸೆಕೆಂಡು, ಜಿಮ್‌ನಲ್ಲಿ ಭಾರವನ್ನು ಬಿಡುವಿಲ್ಲದೆ ಎಂಟು ಹತ್ತು ಸಲ ಎತ್ತುವುದು (ಒಂದೊಂದು ಸಲಕ್ಕೆ ರೆಪ್, ಅಷ್ಟೂ ಸೇರಿ ಸೆಟ್). ಕ್ರಿಯೇಟಿನ್‌ಗೆ ಹೇಳಿ ಮಾಡಿಸಿದ ಕೆಲಸಗಳು ಇವು. ಅದರಲ್ಲೂ ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಮತ್ತೆ ಮಾಡುವಂಥವು. ಮ್ಯಾರಥಾನ್ ಓಡುವವರಿಗೆ, ದೂರದ ಸೈಕ್ಲಿಂಗ್ ಮಾಡುವವರಿಗೆ ಲಾಭ ಅಷ್ಟಕ್ಕಷ್ಟೆ. ಮೈತೂಕ ಒಂದು ಕೆ.ಜಿ. ಏರಿದರೆ ಅವರಿಗೆ ಅದೇ ಹೊರೆ. ವಾಕಿಂಗ್ ಬಿಟ್ಟು ಬೇರೇನೂ ಮಾಡುವುದಿಲ್ಲ, ಮಾಡುವ ಯೋಚನೆಯೂ ಇಲ್ಲ ಅಂದರೆ ಸುಮ್ನೆ ದುಡ್ಡು ದಂಡ.

ಲಾಭ ಎಷ್ಟು? 22 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2003ರ ಒಂದು ವಿಮರ್ಶೆಯಲ್ಲಿ, ಭಾರ ಎತ್ತುವ ವ್ಯಾಯಾಮದ ಜೊತೆ ಕ್ರಿಯೇಟಿನ್ ತಗೊಂಡವರ ಬಲ ಸರಾಸರಿ 20% ಏರಿತ್ತು. ಕ್ರಿಯೇಟಿನ್ ಇಲ್ಲದ ಬರೀ ತೋರಿಕೆಯ ಪುಡಿ, ಅಂದರೆ ಪ್ಲಸೀಬೋ ತಗೊಂಡು ಅದೇ ವ್ಯಾಯಾಮ ಮಾಡಿದವರದ್ದು 12%. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಏರಿಕೆಯ ದೊಡ್ಡ ಪಾಲು ವ್ಯಾಯಾಮದ್ದೇ. ಡಬ್ಬಿಯದ್ದು ಮೇಲಿನ 8 ಮಾತ್ರ. ವ್ಯಾಯಾಮ ಬಿಟ್ಟು ಡಬ್ಬಿ ಮಾತ್ರ ಖಾಲಿ ಮಾಡಿದರೆ ಆ 12 ಕೂಡ ಇಲ್ಲ.

ಇನ್ನೊಂದು ಕಡೆಯ ಸುದ್ದಿಯೂ ಗೊತ್ತಿರಲಿ. 2025ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದವರು ಒಂದು ಜಾಣ ಪ್ರಯೋಗ ಮಾಡಿದರು. ವ್ಯಾಯಾಮ ಶುರು ಮಾಡುವ ಮುಂಚೆಯೇ ಒಂದು ವಾರ ದಿನಕ್ಕೆ 5 ಗ್ರಾಂ ಕೊಟ್ಟು ಅಳೆದರು. ಕ್ರಿಯೇಟಿನ್ ಗುಂಪಿನ ಕೊಬ್ಬಲ್ಲದ ಮೈತೂಕ ಸುಮಾರು ಅರ್ಧ ಕೆ.ಜಿ. ಹೆಚ್ಚಿಗೆ ಏರಿತ್ತು. ಒಂದೇ ಒಂದು ಡಂಬಲ್ ಎತ್ತದೆ! ಆಮೇಲೆ 12 ವಾರ ಎರಡೂ ಗುಂಪಿಗೆ ವ್ಯಾಯಾಮ. ಆ ಅವಧಿಯಲ್ಲಿ ಎರಡೂ ಗುಂಪು ಒಂದೇ ಸಮ ಬೆಳೆದವು. ಮೊದಲ ವಾರದ ಆ ಏರಿಕೆಯಲ್ಲಿ ನೀರಿನ ಪಾಲು ದೊಡ್ಡದು. ಹಳೆಯ ಎಷ್ಟೋ ಪ್ರಯೋಗಗಳು ಆ ನೀರನ್ನೂ ಸ್ನಾಯು ಅಂತ ಲೆಕ್ಕ ಹಾಕಿಬಿಟ್ಟಿರಬಹುದು. ನನ್ನ ಮಟ್ಟಿಗೆ ಹೇಳುವುದಾದರೆ, ಕ್ರಿಯೇಟಿನ್ ತಗೊಳ್ಳಲು ಒಳ್ಳೆಯ ಕಾರಣ ಮೈ ದಪ್ಪ ಆಗಲಿ ಅನ್ನುವುದಲ್ಲ. ಕೊನೆಯ ಸೆಟ್‌ನಲ್ಲಿ ಇನ್ನೊಂದೆರಡು ರೆಪ್ ಬರಲಿ ಅನ್ನುವುದು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಕಿವಿಗೊಡಿ. ಊಟದಿಂದ ಬರುವ ಕ್ರಿಯೇಟಿನ್ ಬಹುತೇಕ ಮಾಂಸ, ಮೀನಿನದ್ದು. ಹಸಿ ಮಾಂಸದಲ್ಲಿ, ಹೆಚ್ಚಿನ ಮೀನುಗಳಲ್ಲಿ ಕೆ.ಜಿ.ಗೆ ಸುಮಾರು 4ರಿಂದ 5 ಗ್ರಾಂ ಇರುತ್ತದೆ. ಅಂದರೆ ದಿನಾ ಬಂಗುಡೆ ಸಾರು ಉಣ್ಣುವವರೂ ಕೂಡ ಪುಡಿಯ ಒಂದು ದಿನದ ಪಾಲಿನಷ್ಟು, ಸುಮಾರು 4 ಗ್ರಾಂ, ಮುಟ್ಟಬೇಕಾದರೆ ಸುಮಾರು ಒಂದು ಕೆ.ಜಿ. ಮೀನು ತಿನ್ನಬೇಕು. ಹಾಲಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಬೇಳೆ, ರಾಗಿ, ಸೊಪ್ಪಿನಲ್ಲಿ ಇಲ್ಲವೆಂದೇ ಹೇಳಬೇಕು. ಹಾಗಾಗಿ ಮುದ್ದೆ ಸಾರು, ಅನ್ನ ಮೊಸರು ಉಂಡು ಬೆಳೆದವರ ಸ್ನಾಯುವಿನ ದಾಸ್ತಾನು ಮೊದಲೇ ಕಮ್ಮಿ. 1992ರಲ್ಲಿ ಸಂಶೋಧಕರಾದ ರೋಜರ್ ಹ್ಯಾರಿಸ್, ಎರಿಕ್ ಹಲ್ಟ್‌ಮನ್ ಮತ್ತು ಜೊತೆಗಾರರು ತೊಡೆಯ ಸ್ನಾಯುವಿನ ಚೂರು ತೆಗೆದು ಅಳೆದಾಗ ಕಂಡದ್ದು ಇದೇ: ಮೊದಲು ಯಾರಲ್ಲಿ ಕಮ್ಮಿ ಇತ್ತೋ ಅವರಲ್ಲೇ ಜಾಸ್ತಿ ಏರಿತು. 2003ರ ಒಂದು ಕೆನಡಾ ಪ್ರಯೋಗದಲ್ಲೂ 8 ವಾರದ ಭಾರದ ವ್ಯಾಯಾಮದ ನಂತರ, ಕ್ರಿಯೇಟಿನ್ ತಗೊಂಡವರ ಪೈಕಿ ಸಸ್ಯಾಹಾರಿಗಳು ಮಾಂಸಾಹಾರಿಗಳಿಗಿಂತ ಹೆಚ್ಚು ಕೊಬ್ಬಲ್ಲದ ಮೈತೂಕ ಗಳಿಸಿದರು. ದಾಸ್ತಾನು ಮೊದಲೇ ತುಂಬಿರುವ ಕೆಲವರಿಗೆ ಏನೂ ಗೊತ್ತಾಗದೆ ಹೋಗಬಹುದು. ಅದು ಪುಡಿಯ ತಪ್ಪೂ ಅಲ್ಲ, ನಿಮ್ಮ ತಪ್ಪೂ ಅಲ್ಲ.

ಹಂತ 2: ಡಬ್ಬಿ ತೆಗೆಯುವ ಮುಂಚೆ ಒಂದು ರಕ್ತ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೆದರಿಸಲು ಹೇಳುತ್ತಿಲ್ಲ. ಮುಂದೆ ನೀವೇ ಸುಮ್ನೆ ಹೆದರಬಾರದು ಅಂತ.

ಲ್ಯಾಬ್ ರಿಪೋರ್ಟಿನಲ್ಲಿ ಬರುವುದು ಕ್ರಿಯಾಟಿನಿನ್. ಡಬ್ಬಿಯಲ್ಲಿ ಇರುವುದು ಕ್ರಿಯೇಟಿನ್. ಎರಡೂ ಬೇರೆ, ಆದರೆ ಸಂಬಂಧ ಇದೆ. ಮೈಯಲ್ಲಿರುವ ಕ್ರಿಯೇಟಿನ್‌ನಲ್ಲಿ ದಿನಕ್ಕೆ ಶೇಕಡಾ 1.7ರಷ್ಟು ತಾನಾಗಿಯೇ ಕ್ರಿಯಾಟಿನಿನ್ ಆಗಿ ರಕ್ತಕ್ಕೆ ಬಂದು, ಕಿಡ್ನಿ ಮೂಲಕ ಮೂತ್ರಕ್ಕೆ ಹೋಗುತ್ತದೆ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ಅದಕ್ಕೇ ವೈದ್ಯರು ಅದನ್ನು ಅಳೆಯುವುದು. ಆದರೆ ದಾಸ್ತಾನೇ ಜಾಸ್ತಿ ಆದಾಗಲೂ, ಕಿಡ್ನಿ ಚೆನ್ನಾಗಿದ್ದರೂ, ಆ ಅಂಕಿ ಸ್ವಲ್ಪ ಮೇಲೆ ಹೋಗಬಹುದು. ಮೈಕಟ್ಟು ದೊಡ್ಡದಿರುವವರಲ್ಲಿ, ಹಿಂದಿನ ದಿನ ಜೋರು ವ್ಯಾಯಾಮ ಮಾಡಿದವರಲ್ಲಿ, ಮಟನ್ ಊಟ ಮಾಡಿ ಬಂದವರಲ್ಲೂ ಹಾಗೇ.

ಒಂದು ರಿಪೋರ್ಟನ್ನು ಹತ್ತಿರದಿಂದ ನೋಡೋಣ. 30 ವರ್ಷದ ಗಂಡಸು ಅಂತಿಟ್ಟುಕೊಳ್ಳಿ. ಕ್ರಿಯೇಟಿನ್‌ಗೆ ಮುಂಚೆ ಕ್ರಿಯಾಟಿನಿನ್ 1.0 ಇತ್ತು. ಈಗ 1.2. ಅದರ ಕೆಳಗಿನ ಸಾಲಿನಲ್ಲಿ ಇಜಿಎಫ್‌ಆರ್ ಅಂತ ಇರುತ್ತದೆ, ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಅನ್ನುವ ಅಂದಾಜು. 2021ರ ಸೂತ್ರದ ಪ್ರಕಾರ ಅದು 104ರಿಂದ 83ಕ್ಕೆ ಇಳಿದಿರುತ್ತದೆ. ನೋಡಿದವರ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಆದರೆ ಈ ಎರಡನೇ ಅಂಕಿಯನ್ನು ಯಾರೂ ಬೇರೆಯಾಗಿ ಅಳೆದಿಲ್ಲ. ಮೊದಲ ಅಂಕಿಗೆ ವಯಸ್ಸು, ಲಿಂಗ ಸೇರಿಸಿ ಕಂಪ್ಯೂಟರ್ ಹಾಕಿದ ಲೆಕ್ಕ ಅದು. ಎರಡು ಕೆಟ್ಟ ಸುದ್ದಿ ಅಲ್ಲ, ಒಂದೇ ಸುದ್ದಿ ಎರಡು ಸಲ.

ಸಂಶಯ ಬಗೆಹರಿಸಲು ದಾರಿ ಇದೆ. ಸಿಸ್ಟಾಟಿನ್-ಸಿ ಅನ್ನುವ ರಕ್ತ ಪರೀಕ್ಷೆ ಕ್ರಿಯೇಟಿನ್‌ನಿಂದ ಏರುಪೇರಾಗುವುದಿಲ್ಲ. ದೊಡ್ಡ ಲ್ಯಾಬ್‌ಗಳಲ್ಲಿ ಮಾಡುತ್ತಾರೆ. ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವ ಪರೀಕ್ಷೆಯೂ ಬೇರೆಯದೇ ಸಾಕ್ಷಿ. ಬ್ರೆಜಿಲ್‌ನ ಸಂಶೋಧಕರು ಮೂರು ತಿಂಗಳು ದಿನಕ್ಕೆ ಸುಮಾರು 10 ಗ್ರಾಂ ಕೊಟ್ಟು ಸಿಸ್ಟಾಟಿನ್-ಸಿ ನೋಡಿದರು. ಕಿಡ್ನಿಗೆ ತೊಂದರೆ ಕಾಣಲಿಲ್ಲ. ಅದೇ ತಂಡ ಒಂದೇ ಕಿಡ್ನಿ ಇರುವ 20 ವರ್ಷದ ಯುವಕನೊಬ್ಬನನ್ನೂ 35 ದಿನ ಗಮನಿಸಿತು. ಕಿಡ್ನಿ ಸೋಸುವ ಪ್ರಮಾಣವನ್ನು ನೇರವಾಗಿ ಅಳೆದಾಗ ಅದು ಕುಗ್ಗಿರಲಿಲ್ಲ. ಒಬ್ಬನ ಕಥೆ ಎಲ್ಲರಿಗೂ ಅಪ್ಪಣೆ ಆಗುವುದಿಲ್ಲ, ನಿಜ. ಆದರೆ ಈ ಹೆದರಿಕೆಗೆ ಗಾಳಿ ಹಾಕಿದ್ದೂ ಒಬ್ಬನ ಕಥೆಯೇ. 1998ರಲ್ಲಿ ಬ್ರಿಟನ್ನಿನ ವೈದ್ಯರು ಬರೆದ ಆ ವರದಿಯಲ್ಲಿದ್ದ 25 ವರ್ಷದವನಿಗೆ ಕಿಡ್ನಿ ಕಾಯಿಲೆ ಮೊದಲಿನಿಂದಲೇ ಇತ್ತು.

ಹಾಗಾದರೆ ಮಾಡಬೇಕಾದ್ದು: ಶುರು ಮಾಡುವ ಮುಂಚೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೋಪಾನ ಮಾಡಿ. ಪರೀಕ್ಷೆಯ ಹಿಂದಿನ ದಿನ ಜಿಮ್ ಬೇಡ. ಮುಂದೆ ಯಾವಾಗ ರಕ್ತ ಕೊಟ್ಟರೂ, ವಿಮೆಗೋ, ಆಫೀಸಿನ ತಪಾಸಣೆಗೋ, "ನಾನು ಕ್ರಿಯೇಟಿನ್ ತಗೋತೀನಿ" ಅಂತ ವೈದ್ಯರಿಗೆ ಹೇಳಿ. ಹೇಳದೇ ಇದ್ದರೆ ಇಲ್ಲದ ಕಾಯಿಲೆಗೆ ಓಡಾಟ ಶುರುವಾಗುತ್ತದೆ. ಹಾಗಂತ ಅಂಕಿ ಏರಿದ್ದೆಲ್ಲ ಪುಡಿಯಿಂದಲೇ ಅಂತ ನೀವೇ ತೀರ್ಮಾನ ಮಾಡಿಕೊಳ್ಳುವುದೂ ಬೇಡ. ಒಂದು ತಿಂಗಳು ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಕಿಡ್ನಿ ಕಾಯಿಲೆ ಇರುವವರು ಇದರ ತಂಟೆಗೇ ಹೋಗಬೇಡಿ. ಸಕ್ಕರೆ ಕಾಯಿಲೆ, ಬಿಪಿ ಇರುವವರು, ನೋವಿನ ಮಾತ್ರೆ ದಿನಾ ನುಂಗುವವರು ವೈದ್ಯರ ಹತ್ತಿರ ಮಾತಾಡದೆ ಶುರು ಮಾಡಬೇಡಿ. ಬಸುರಿಯರು, ಹಾಲೂಡಿಸುವ ತಾಯಂದಿರ ಬಗ್ಗೆ ಸಾಕಷ್ಟು ಪ್ರಯೋಗ ಇಲ್ಲ, ಬಿಡುವುದೇ ಒಳ್ಳೆಯದು. ಬೈಪೋಲಾರ್ ಸಮಸ್ಯೆ (ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಓಲಾಡುವ ಕಾಯಿಲೆ) ಇರುವವರೂ ಕೇಳಿಯೇ ತಗೊಳ್ಳಬೇಕು. ಖಿನ್ನತೆಗೆ ಕ್ರಿಯೇಟಿನ್ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗದಲ್ಲಿ ಬೈಪೋಲಾರ್ ಇದ್ದ ಇಬ್ಬರೂ ಉನ್ಮಾದದ ಕಡೆ ತಿರುಗಿದ್ದರು. 18 ದಾಟದ ಮಕ್ಕಳಿಗೆ ಡಬ್ಬಿಗಿಂತ ಮೊಟ್ಟೆ, ಕಾಳು, ನಿದ್ದೆ ಮುಖ್ಯ. ಟ್ರೇನರ್ ಏನೇ ಹೇಳಲಿ.

ಹಂತ 3: ಕೊಳ್ಳುವಾಗ

ಬೇಕಾದ್ದು ಕ್ರಿಯೇಟಿನ್ ಮೊನೊಹೈಡ್ರೇಟ್. ಅಷ್ಟೆ. ಎಚ್‌ಸಿಎಲ್, ಈಥೈಲ್ ಎಸ್ಟರ್, ಬಫರ್ ಮಾಡಿದ್ದು (ಹುಳಿ ತಗ್ಗಿಸಲು ಕ್ಷಾರ ಬೆರೆಸಿದ್ದು) ಅಂತ ಜಾಸ್ತಿ ಬೆಲೆಯವು ಬರುತ್ತವೆ. ಮೊನೊಹೈಡ್ರೇಟ್‌ಗಿಂತ ಮೇಲು ಅಂತ ಯಾವುದೂ ಸಾಬೀತು ಮಾಡಿಲ್ಲ. ಈಥೈಲ್ ಎಸ್ಟರ್ ಅಂತೂ 2009ರ ಪ್ರಯೋಗದಲ್ಲಿ ಹಿಂದೆ ಬಿತ್ತು. ಅದರ ಒಂದು ಪಾಲು ಸ್ನಾಯು ಸೇರುವ ಬದಲು ಕ್ರಿಯಾಟಿನಿನ್ ಆಗಿ ಹೋಗುತ್ತಿತ್ತು. 2012ರಲ್ಲಿ ಬಫರ್ ಮಾಡಿದ್ದನ್ನು ಪರೀಕ್ಷಿಸಿದಾಗಲೂ ಹೆಚ್ಚಿನ ಲಾಭ ಸಿಗಲಿಲ್ಲ.

ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿ. ಪದಾರ್ಥಗಳ ಸಾಲಿನಲ್ಲಿ ಒಂದೇ ಹೆಸರು ಇರಬೇಕು. ಒಂದು ಸ್ಕೂಪ್‌ನಲ್ಲಿ 3 ಅಥವಾ 5 ಗ್ರಾಂ ಮೊನೊಹೈಡ್ರೇಟ್ ಅಂತ ಬಿಡಿಸಿ ಬರೆದಿರಬೇಕು. "ವಿಶೇಷ ಮಿಶ್ರಣ" ಅಂತ ಹತ್ತು ಹೆಸರು ಹಾಕಿ ಪ್ರಮಾಣ ಮುಚ್ಚಿಟ್ಟಿದ್ದರೆ ವಾಪಸ್ ಇಡಿ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ದಿನಾಂಕ ನೋಡಿ. ಸಸ್ಯಾಹಾರಿಗಳಿಗೆ ಪುಡಿಯ ಬಗ್ಗೆ ಅನುಮಾನ ಬೇಡ. ಮಾಂಸದಿಂದ ತೆಗೆದದ್ದಲ್ಲ ಇದು, ಕಾರ್ಖಾನೆಯಲ್ಲಿ ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ರಾಸಾಯನಿಕಗಳಿಂದ ತಯಾರಾಗುತ್ತದೆ. ಆದರೆ ಕ್ಯಾಪ್ಸೂಲ್ ರೂಪದ್ದಾದರೆ ಹೊರಗಿನ ಕವಚ ಜೆಲಾಟಿನ್ ಇರಬಹುದು. ಹಸಿರು ಚುಕ್ಕಿ ಇದೆಯಾ ನೋಡಿಕೊಳ್ಳಿ. ಗಮ್ಮಿ ಅಂತ ಬರುವ ಮಿಠಾಯಿ ಬೇಡವೇ ಬೇಡ. ಅಮೆರಿಕದಲ್ಲಿ ಪರೀಕ್ಷಿಸಿದಾಗ ಹಲವು ಬ್ರಾಂಡ್‌ಗಳಲ್ಲಿ ಬರೆದಷ್ಟು ಕ್ರಿಯೇಟಿನ್ ಇರಲೇ ಇಲ್ಲ.

ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡುವವರಿಗೆ ಒಂದು ಎಚ್ಚರಿಕೆ. ಕ್ರಿಯೇಟಿನ್ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಆದರೆ ಡಬ್ಬಿಯಲ್ಲಿ ಬೇರೇನಾದರೂ ಬೆರೆತಿದ್ದು, ನಮ್ಮ ದೇಶದ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ನಂಗೆ ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರರೇ ಹೊಣೆ. ಇನ್‌ಫಾರ್ಮ್ಡ್ ಸ್ಪೋರ್ಟ್ ಅಥವಾ ಎನ್‌ಎಸ್‌ಎಫ್ ಅನ್ನುವ ಹೊರಗಿನ ತಪಾಸಣೆಯ ಗುರುತು ಇರುವ ಬ್ಯಾಚ್ ಮಾತ್ರ ತಗೊಳ್ಳಿ. ಬಿಲ್ ಮತ್ತು ಡಬ್ಬಿಯ ಫೋಟೋ ಇಟ್ಟುಕೊಳ್ಳಿ.

ಹಂತ 4: ಎಷ್ಟು?

ದಿನಕ್ಕೆ 3ರಿಂದ 5 ಗ್ರಾಂ. ಹಗುರ ಮೈಯವರಿಗೆ 3 ಸಾಕು, 80 ಕೆ.ಜಿ. ದಾಟಿದವರು, ಜೋರಾಗಿ ಭಾರ ಎತ್ತುವವರು 5ಕ್ಕೆ ಹೋಗಬಹುದು. ದಿನಾ ತಗೊಳ್ಳಬೇಕು, ಜಿಮ್‌ಗೆ ರಜೆ ಇದ್ದ ದಿನವೂ. ಇದು ಕಾಫಿ ತರಹ ಕುಡಿದ ತಕ್ಷಣ ಏರುವ ವಸ್ತು ಅಲ್ಲ. ಸ್ನಾಯುವಿನಲ್ಲಿ ನಿಧಾನಕ್ಕೆ ತುಂಬಬೇಕು.

ಟ್ರೇನರ್‌ಗಳು "ಲೋಡಿಂಗ್" ಅನ್ನುತ್ತಾರೆ. ದಿನಕ್ಕೆ 20 ಗ್ರಾಂ, ನಾಲ್ಕು ಭಾಗ ಮಾಡಿ, 5ರಿಂದ 7 ದಿನ. ಇದು ಸುಳ್ಳಲ್ಲ. ಆದರೆ 1996ರಲ್ಲಿ ಹಲ್ಟ್‌ಮನ್ ತಂಡ ಎರಡನ್ನೂ ಹೋಲಿಸಿತ್ತು: 6 ದಿನ 20 ಗ್ರಾಂ ತಗೊಂಡವರೂ, 28 ದಿನ ಬರೀ 3 ಗ್ರಾಂ ತಗೊಂಡವರೂ ಕೊನೆಗೆ ಬಂದು ನಿಂತದ್ದು ಒಂದೇ ಮಟ್ಟಕ್ಕೆ. ಹತ್ತು ದಿನದಲ್ಲಿ ಪಂದ್ಯ ಇದ್ದರೆ ಲೋಡಿಂಗ್‌ಗೆ ಅರ್ಥ ಇದೆ. ಇಲ್ಲದಿದ್ದರೆ ಅವಸರ ಯಾಕೆ? ಲೆಕ್ಕ ಹಾಕಿ: 250 ಗ್ರಾಂನ ಡಬ್ಬಿ ದಿನಕ್ಕೆ 3 ಗ್ರಾಂನಂತೆ 83 ದಿನ ಬರುತ್ತದೆ. ಲೋಡಿಂಗ್ ಮಾಡಿದರೆ ಮೊದಲ ವಾರದಲ್ಲೇ ಅರ್ಧ ಡಬ್ಬಿ ಖಾಲಿ. ಅಂಗಡಿಯವನಿಗೆ ಯಾವುದು ಇಷ್ಟ ಅಂತ ಹೇಳಬೇಕಿಲ್ಲ.

ಲೋಡಿಂಗ್ ಮಾಡಿಯೇ ತೀರುತ್ತೇನೆ ಅನ್ನುವವರು ಒಂದೇ ಸಲಕ್ಕೆ 10 ಗ್ರಾಂ ಸುರಿದುಕೊಳ್ಳಬೇಡಿ. ಫುಟ್‌ಬಾಲ್ ಆಟಗಾರರ ಮೇಲೆ ಮಾಡಿದ 2008ರ ಪ್ರಯೋಗದಲ್ಲಿ 10 ಗ್ರಾಂ ಒಟ್ಟಿಗೆ ತಗೊಂಡವರಿಗೆ ಭೇದಿ ಜಾಸ್ತಿ ಆಗಿತ್ತು. ಅದನ್ನೇ 5-5 ಮಾಡಿ ತಗೊಂಡವರಿಗೆ ಆ ಕಷ್ಟ ಕಮ್ಮಿ.

ಹಂತ 5: ಕಲಸಿ ಕುಡಿಯುವುದು

ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಸಲ ತೂಗಿ ನೋಡಿ. ಡಬ್ಬಿಯ ಸ್ಕೂಪ್ ತುಂಬುವ ರೀತಿಯ ಮೇಲೆ ಒಂದೊಂದು ಗ್ರಾಂ ಆಚೀಚೆ ಆಗುತ್ತದೆ. ಒತ್ತಿ ತುಂಬಿದರೆ ಜಾಸ್ತಿ, ಸಡಿಲ ಇದ್ದರೆ ಕಮ್ಮಿ. ಒಂದು ಸಲ ಗುರುತು ಹಿಡಿದರೆ ಸಾಕು, ದಿನಾ ತೂಗಬೇಕಿಲ್ಲ.

ಲೋಟದ ತಳದಲ್ಲಿ ಮರಳಿನಂತೆ ಪುಡಿ ಉಳಿಯುತ್ತದೆ ಅಂತ "ಡೂಪ್ಲಿಕೇಟ್ ಮಾಲು" ಅನ್ನುವವರಿದ್ದಾರೆ. ಅಸಲಿ ಮಾಲೂ ಹಾಗೇ ಉಳಿಯುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 14 ಗ್ರಾಂ ಮಾತ್ರ. ಅಂದರೆ 200 ಮಿ.ಲೀ. ಲೋಟದಲ್ಲಿ 3 ಗ್ರಾಂ ಕೂಡ ಪೂರ್ತಿ ಕರಗುವುದು ಕಷ್ಟ. 5 ಗ್ರಾಂ ಹಾಕಿದರೆ ತಳದಲ್ಲಿ ಕೂರಲೇಬೇಕು. ಬೆಚ್ಚಗಿನ ನೀರು ತಗೊಳ್ಳಿ, 50 ಡಿಗ್ರಿಯಲ್ಲಿ ಲೀಟರ್‌ಗೆ 34 ಗ್ರಾಂ ಕರಗುತ್ತದೆ. ಕರಗದೆ ಉಳಿದದ್ದಕ್ಕೆ ಇನ್ನೊಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಕುಡಿದುಬಿಡಿ. ಹೊಟ್ಟೆಯಲ್ಲಿ ಕರಗುತ್ತದೆ. ಬಾಯಿಗೆ ಒಣಪುಡಿ ಹಾಕಿಕೊಂಡು ಮೇಲೆ ನೀರು ಕುಡಿಯುವ ರೀಲ್ಸ್ ಸಾಹಸ ಬೇಡ, ನೆತ್ತಿಗೇರುತ್ತದೆ.

ಬೆಳಿಗ್ಗೆ ಕಲಸಿ ಬಾಟಲಿಯಲ್ಲಿ ಇಟ್ಟು ಸಂಜೆ ಕುಡಿಯುವುದು ಒಳ್ಳೆಯ ಅಭ್ಯಾಸ ಅಲ್ಲ. ಒಣಪುಡಿ ವರ್ಷಗಟ್ಟಲೆ ಕೆಡುವುದಿಲ್ಲ. ನೀರಿಗೆ ಬಿದ್ದ ಮೇಲೆ ಮಾತ್ರ ನಿಧಾನವಾಗಿ ಕ್ರಿಯಾಟಿನಿನ್ ಆಗುತ್ತಾ ಹೋಗುತ್ತದೆ. ಹುಳಿ ಇದ್ದಷ್ಟೂ ಬೇಗ. ನಿಂಬೆ ಶರಬತ್ತಿಗೋ ಮಜ್ಜಿಗೆಗೋ ಹಾಕಿ ಆಗಲೇ ಕುಡಿದರೆ ಏನೂ ತೊಂದರೆ ಇಲ್ಲ, ಇಟ್ಟು ಕುಡಿಯಬೇಡಿ ಅಷ್ಟೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಪುಡಿ ಗಂಟು ಕಟ್ಟುತ್ತದೆ. ಗಂಟು ಒಡೆದು ಬಳಸಬಹುದು. ಒದ್ದೆ ಚಮಚ ಮಾತ್ರ ಒಳಗೆ ಹಾಕಬೇಡಿ.

ವ್ಯಾಯಾಮಕ್ಕೆ ಮುಂಚೆಯೋ ಆಮೇಲೋ ಅನ್ನುವ ಜಗಳಕ್ಕೆ ಸಮಯ ಹಾಳು ಮಾಡಬೇಡಿ. ಮರೆಯದೇ ಇರುವ ಹೊತ್ತು ಯಾವುದೋ ಅದೇ ಸರಿಯಾದ ಹೊತ್ತು. ಊಟದ ಜೊತೆ ತಗೊಂಡರೆ ಹೊಟ್ಟೆಗೂ ಹಿತ.

ಹಂತ 6: ಮೊದಲ ಎರಡು ತಿಂಗಳು

ತೂಕ ಏರುತ್ತದೆ. ಲೋಡಿಂಗ್ ಮಾಡಿದರೆ ವಾರದಲ್ಲೇ ಒಂದೆರಡು ಕೆ.ಜಿ. ಕೂಡ ಏರಬಹುದು. ಕೊಬ್ಬಲ್ಲ, ಹೆಚ್ಚಿನದ್ದು ನೀರು. ಕುಸ್ತಿ, ಬಾಕ್ಸಿಂಗ್‌ನಂತೆ ತೂಕದ ವರ್ಗ ಇರುವ ಆಟಗಾರರು ಪಂದ್ಯದ ಹತ್ತಿರ ಶುರು ಮಾಡಬೇಡಿ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೀರಿಕೊಂಡಾಗ ಮೊದಲು ಬೆರಳು ತೋರಿಸಿದ್ದು ಕ್ರಿಯೇಟಿನ್ ಕಡೆಗೆ. ತನಿಖೆಯಲ್ಲಿ ಕಂಡದ್ದು ಬೇರೆ: ತೂಕ ಇಳಿಸಲು ನೀರು ಬಿಟ್ಟು, ಬಿಸಿ ಕೋಣೆಯಲ್ಲಿ ಬೆವರು ಹರಿಸಿ ವ್ಯಾಯಾಮ ಮಾಡಿದ್ದರು. ಸ್ನಾಯು ಹಿಡಿತ ಜಾಸ್ತಿ ಆಗುತ್ತದೆ ಅನ್ನುವ ಮಾತೂ ನಿಲ್ಲಲಿಲ್ಲ. ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಗಮನಿಸಿದ 2003ರ ಅಧ್ಯಯನದಲ್ಲಿ ತಗೊಂಡವರಿಗೆ ಹಿಡಿತ ಜಾಸ್ತಿ ಆಗಿರಲಿಲ್ಲ, ಬದಲಿಗೆ ಕಮ್ಮಿಯೇ ಇತ್ತು. ನೀರು ಎಂದಿನಂತೆ ಚೆನ್ನಾಗಿ ಕುಡಿಯಿರಿ.

ಕೂದಲು ಉದುರುತ್ತಾ? ಎಲ್ಲರೂ ಕೇಳುವ ಪ್ರಶ್ನೆ. ಇದರ ಮೂಲ 2009ರ ಒಂದೇ ಒಂದು ಪ್ರಯೋಗ. ದಕ್ಷಿಣ ಆಫ್ರಿಕಾದ 20 ಜನ ಕಾಲೇಜು ರಗ್ಬಿ ಆಟಗಾರರು. ಒಂದು ವಾರದ ಲೋಡಿಂಗ್ ನಂತರ ಡಿಎಚ್‌ಟಿ ಅನ್ನುವ ಹಾರ್ಮೋನು 56% ಏರಿತ್ತು. ಬೋಳುತಲೆಗೂ ಈ ಹಾರ್ಮೋನಿಗೂ ನಂಟಿದೆ. ಆದರೆ ಆ ಪ್ರಯೋಗದಲ್ಲಿ ಯಾರ ಕೂದಲನ್ನೂ ಯಾರೂ ನೋಡಿರಲಿಲ್ಲ! 2025ರಲ್ಲಿ 12 ವಾರ ದಿನಕ್ಕೆ 5 ಗ್ರಾಂ ಕೊಟ್ಟು ಡಿಎಚ್‌ಟಿ, ಕೂದಲು ಎರಡನ್ನೂ ಅಳೆದರು. ಪ್ಲಸೀಬೋ ಗುಂಪಿಗೂ ಇವರಿಗೂ ವ್ಯತ್ಯಾಸ ಸಿಗಲಿಲ್ಲ. 12 ವಾರ ಚಿಕ್ಕ ಅವಧಿ ಅನ್ನುವುದು ನಿಜ. ಆದರೂ ಈಗಿರುವ ಸಾಕ್ಷಿ ಭಯ ಪಡುವಂಥದ್ದಲ್ಲ.

ಕೆಲಸ ಮಾಡುತ್ತಿದೆಯಾ ಅಂತ ಕನ್ನಡಿಯನ್ನು ಕೇಳಬೇಡಿ, ನೋಟ್‌ಬುಕ್ ಕೇಳಿ. ಶುರು ಮಾಡುವ ವಾರ ಒಂದೆರಡು ವ್ಯಾಯಾಮದ ಲೆಕ್ಕ ಬರೆದಿಡಿ: ಇಷ್ಟು ಕೆ.ಜಿ.ಯಲ್ಲಿ ಮೂರನೇ ಸೆಟ್‌ನಲ್ಲಿ ಎಷ್ಟು ರೆಪ್ ಬಂತು, ಎರಡು ನಿಮಿಷ ಸುಧಾರಿಸಿಕೊಂಡ ಮೇಲೆ. ಎಂಟು ವಾರದ ನಂತರ ಅದೇ ತೂಕ, ಅದೇ ವಿಶ್ರಾಂತಿ ಇಟ್ಟು ನೋಡಿ. ವ್ಯಾಯಾಮದಿಂದಲೇ ಎಷ್ಟು ಏರಿತು ಅಂತ ಬೇರ್ಪಡಿಸಲು ಆಗುವುದಿಲ್ಲ, ಸರಿ. ಆದರೆ ಏನೂ ಏರಿಲ್ಲ ಅಂದರೆ ಎರಡನೇ ಡಬ್ಬಿ ಕೊಳ್ಳುವ ಅಗತ್ಯ ಇಲ್ಲ ಅಂತ ಗೊತ್ತಾಗುತ್ತದೆ.

ಹಂತ 7: ಮನೆಯಲ್ಲಿ ಹಿರಿಯರಿದ್ದರೆ

ನನಗೆ ಇಡೀ ವಿಷಯದಲ್ಲಿ ಹೆಚ್ಚು ಕುತೂಹಲ ಇರುವುದು ಇಲ್ಲೇ. 2017ರಲ್ಲಿ 22 ಪ್ರಯೋಗಗಳ 721 ಹಿರಿಯರ ಅಂಕಿಗಳನ್ನು ಒಟ್ಟು ಹಾಕಿದಾಗ, ಭಾರದ ವ್ಯಾಯಾಮದ ಜೊತೆ ಕ್ರಿಯೇಟಿನ್ ತಗೊಂಡವರು ಪ್ಲಸೀಬೋದವರಿಗಿಂತ ಸರಾಸರಿ 1.37 ಕೆ.ಜಿ. ಹೆಚ್ಚು ಕೊಬ್ಬಲ್ಲದ ತೂಕ ಗಳಿಸಿದ್ದರು. ಬಲವೂ ಜಾಸ್ತಿ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಕೂಡ 55 ದಾಟಿದವರಿಗೆ, ವ್ಯಾಯಾಮದ ಜೊತೆ ದಿನಕ್ಕೆ 3 ಗ್ರಾಂ ಸ್ನಾಯುಬಲಕ್ಕೆ ನೆರವಾಗುತ್ತದೆ ಅಂತ ಒಪ್ಪಿದೆ. ಕೂತಲ್ಲಿಂದ ಕೈ ಊರದೆ ಏಳುವುದು, ಬಸ್ಸಿನ ಮೆಟ್ಟಿಲು ಹತ್ತುವುದು, ಇಂಥದ್ದಕ್ಕೆ ಬೇಕಾದ್ದು ಈ ಬಲವೇ.

ಆದರೆ ಮೂಳೆ ಗಟ್ಟಿ ಆಗುತ್ತದೆ ಅಂತ ಮಾರುವವರನ್ನು ನಂಬಬೇಡಿ. ಮುಟ್ಟು ನಿಂತ 237 ಮಹಿಳೆಯರ ಮೇಲೆ ಕೆನಡಾದಲ್ಲಿ ಎರಡು ವರ್ಷ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಮೂಳೆ ಸಾಂದ್ರತೆಯಲ್ಲಿ ಲಾಭ ಕಾಣಲಿಲ್ಲ. ಹಿರಿಯರಿಗೆ ಶುರು ಮಾಡುವ ಕ್ರಮ ಹೀಗಿರಲಿ: ಮೊದಲು ವೈದ್ಯರು ಮತ್ತು ಕಿಡ್ನಿ ಪರೀಕ್ಷೆ. ಆಮೇಲೆ ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರಿನ ಬಾಟಲಿ ಎತ್ತುವುದು. ಅದು ಒಂದು ತಿಂಗಳು ರೂಢಿಯಾದ ಮೇಲೆ 3 ಗ್ರಾಂ. ಈ ಕ್ರಮವನ್ನು ತಿರುಗಿಸಬೇಡಿ.

ಮೆದುಳಿಗೂ ಒಳ್ಳೆಯದಂತೆ, ಹೌದಾ?

ಈಗ ಯೂಟ್ಯೂಬ್ ತುಂಬ ಇದೇ. ಶುರುವಾದದ್ದು 2003ರಲ್ಲಿ, ಸಿಡ್ನಿಯ 45 ಸಸ್ಯಾಹಾರಿ ಯುವಜನರಿಂದ. 6 ವಾರ 5 ಗ್ರಾಂ ತಗೊಂಡಾಗ ಅಂಕಿಗಳನ್ನು ಹಿಮ್ಮುಖವಾಗಿ ಹೇಳುವಂಥ ನೆನಪಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು. 2023ರಲ್ಲಿ 123 ಜನರ ಮೇಲೆ ಹೆಚ್ಚುಕಡಿಮೆ ಅದೇ ರೀತಿ ಮತ್ತೆ ಮಾಡಿದಾಗ ಲಾಭ ಇದ್ದರೂ ತೀರಾ ಸಣ್ಣದು ಅಂತ ಬಂತು. ಸಸ್ಯಾಹಾರಿಗಳಿಗೆ ವಿಶೇಷ ಲಾಭವೂ ಕಾಣಲಿಲ್ಲ. ನಿದ್ದೆಗೆಟ್ಟ 15 ಜನರಿಗೆ ಒಂದೇ ಸಲ ದೊಡ್ಡ ಪ್ರಮಾಣ ಕೊಟ್ಟು ನೋಡಿದ 2024ರ ಜರ್ಮನಿಯ ಪ್ರಯೋಗ ಕುತೂಹಲದ್ದು. ಆದರೆ ಕೊಟ್ಟದ್ದು ಕೆ.ಜಿ. ತೂಕಕ್ಕೆ 0.35 ಗ್ರಾಂ, ಅಂದರೆ 70 ಕೆ.ಜಿ.ಯವರಿಗೆ ಸುಮಾರು 25 ಗ್ರಾಂ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಬುದ್ಧಿಶಕ್ತಿಯ ಲಾಭ ಸಾಬೀತಾಗಿಲ್ಲ ಅಂತ ಯುರೋಪಿನ ಅದೇ ಸಂಸ್ಥೆ 2024ರಲ್ಲಿ ಹೇಳಿತು.

ಪಾರ್ಕಿನ್ಸನ್ ಕಾಯಿಲೆಗೆ ಅಂತೂ ಅಮೆರಿಕ, ಕೆನಡಾದಲ್ಲಿ 1,741 ರೋಗಿಗಳಿಗೆ ದಿನಕ್ಕೆ 10 ಗ್ರಾಂ ಅಥವಾ ಪ್ಲಸೀಬೋ ಕೊಟ್ಟು ಕನಿಷ್ಠ 5 ವರ್ಷ ನೋಡುವ ಯೋಜನೆ ಇತ್ತು. ಲಾಭದ ಸುಳಿವೇ ಸಿಗದೆ 2013ರಲ್ಲಿ ಮಧ್ಯದಲ್ಲೇ ನಿಲ್ಲಿಸಿದರು. ಇಲಿಗಳಲ್ಲಿ ಚೆನ್ನಾಗಿ ಕಂಡದ್ದು ಮನುಷ್ಯರಲ್ಲಿ ನಡೆಯಲಿಲ್ಲ. ಕಾಯಿಲೆ ಗುಣವಾಗಲಿ ಅಂತ ಯಾರಾದರೂ ನಿಮಗೆ ಡಬ್ಬಿ ಮಾರಲು ಬಂದರೆ ಈ ಅಂಕಿ ನೆನಪಿರಲಿ.

ನಿಲ್ಲಿಸುವಾಗ

ಸೈಕಲ್ ಮಾಡಬೇಕು, ಎರಡು ತಿಂಗಳು ತಗೊಂಡು ಒಂದು ತಿಂಗಳು ಬಿಡಬೇಕು ಅನ್ನುವ ನಿಯಮಕ್ಕೆ ಆಧಾರ ಇಲ್ಲ. ನಿಲ್ಲಿಸಬೇಕು ಅನ್ನಿಸಿದರೆ ಒಂದೇ ದಿನಕ್ಕೆ ನಿಲ್ಲಿಸಬಹುದು, ಇಳಿಸುತ್ತಾ ಬರಬೇಕಿಲ್ಲ. ಸ್ನಾಯುವಿನ ದಾಸ್ತಾನು 4ರಿಂದ 6 ವಾರದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಮೈ ತನ್ನ ಪಾಲಿನ 1 ಗ್ರಾಂ ತಯಾರಿಸುವ ಕೆಲಸಕ್ಕೆ ಮರಳುತ್ತದೆ. ತೂಕ ಅರ್ಧ, ಒಂದು ಕೆ.ಜಿ. ಇಳಿಯಬಹುದು. ಅದು ಹೋಗುತ್ತಿರುವ ನೀರು, ಗಾಬರಿಯಾಗಿ ಮತ್ತೆ ಅಂಗಡಿಗೆ ಓಡಬೇಡಿ. ಊರಿಗೆ ಹೋದಾಗ ನಾಲ್ಕು ದಿನ ಮರೆತರೆ ಏನೂ ಕಳೆದುಹೋಗುವುದಿಲ್ಲ, ಬಂದ ಮೇಲೆ ಎಂದಿನ ಪ್ರಮಾಣದಲ್ಲೇ ಮುಂದುವರಿಸಿ. ಬಿಟ್ಟ ದಿನಗಳದ್ದನ್ನು ಸೇರಿಸಿ ಕುಡಿಯುವುದು ಬೇಡ.